ಒಂದೇ ಸಲ ಕೇಳಿದ್ದು

ಕುವೈತಿನ ಬ್ನೇದ್ ಅಲ್ ಗಾರ್‌ನ ಆ ಮೂರು ಮಾಳಿಗೆಯ ಹಳೇ ಕಟ್ಟಡದಲ್ಲಿ ಬೇಡ ಎಂಬ ಮಾತಿಗೆ ಮನೆಗೊಂದು ಅರ್ಥವಿತ್ತು. ಮೇಲಿನ ಮಾಳಿಗೆಯ ಇಂಗ್ಲೆಂಡಿನ ಆಲಿವ್ ಟೀಚರ್ ಬೇಡ ಎಂದರೆ ಬೇಡ. ಮತ್ತೊಮ್ಮೆ ಕೇಳಿದರೆ ಅವರ ಬಿಳಿ ಮುಖ ಕೆಂಪಗಾಗುತ್ತಿತ್ತು. ನಡುವಿನ ಮಾಳಿಗೆಯ ಪರ್ವೀನ್ ಖಾನುಂ ಬೇಡ ಎಂದರೆ ಇನ್ನೊಮ್ಮೆ ಕೇಳಬೇಕು. ಮತ್ತೂ ಬೇಡವೆಂದರೆ ಮತ್ತೂ ಕೇಳಬೇಕು. ಕೇಳದೆ ಬಿಟ್ಟರೆ ನೀವು ಕೇಳಿದ್ದೇ ಬಾಯಿಮಾತಿಗೆ ಎಂದಾಗುತ್ತಿತ್ತು. ಖಾನುಂ ಮನೆಯ ಎದುರು ಬಾಗಿಲಿನ ವಾರಿಜಾ ಈ ಎರಡೂ ರೀತಿ ಬಲ್ಲವಳು. ಅವಳು ಕೆಟ್ಟದ್ದು ಅದರಿಂದಲೇ.

ವಾರಿಜಾಳ ಗಂಡ ಸದಾನಂದ ಅರ್ದಿಯಾದಲ್ಲಿ ಒಂದು ದಿನಸಿ ಗೋದಾಮಿನ ಸ್ಟೋರ್‌ಕೀಪರ್. ಮಗಳು ಶರಣ್ಯಾಳಿಗೆ ಹದಿಮೂರು, ಆಲಿವ್ ಟೀಚರ್ ಕಲಿಸುವ ಶಾಲೆಯಲ್ಲೇ ಓದುತ್ತ, ತುಳುವಿನಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಎದುರು ಮಾತಾಡುವ ಹುಡುಗಿ. ತೊಂಬತ್ತರ ಮೇ ತಿಂಗಳಲ್ಲಿ ಸದಾನಂದನ ತಾಯಿಯೂ ಮೂಲ್ಕಿಯಿಂದ ವಿಸಿಟ್ ವೀಸಾದಲ್ಲಿ ಬಂದು ಸೇರಿದ್ದರು. ಕುವೈತಿನ ಸೆಕೆಗೆ ದಿನಕ್ಕೆ ನೂರು ಸಲ ಶಾಪ ಹಾಕುತ್ತ, ಮಗನ ಮನೆಯ ಅಡುಗೆಮನೆಯನ್ನು ಅವರು ಮೂರೇ ದಿನಕ್ಕೆ ತಮ್ಮ ಕೈಗೆ ತೆಗೆದುಕೊಂಡರು.

ಖಾನುಂ ಇರಾನಿನ ಬುಶೆಹರ್ ಕಡೆಯ ವಿಧವೆ. ತೀರಿಹೋದ ಗಂಡನಿಗೆ ಬೊಂಬಾಯಿಯಲ್ಲಿ ಖರ್ಜೂರದ ವ್ಯಾಪಾರವಿತ್ತಂತೆ. ಏಳು ವರ್ಷ ಅಲ್ಲಿ ಸಂಸಾರ ಮಾಡಿದ್ದರಿಂದ ಅವರಿಗೆ ಒಳ್ಳೆ ಬೊಂಬಾಯಿ ಹಿಂದಿ ಬರುತ್ತಿತ್ತು. ಮಗ ಜೂನ್‌ನಲ್ಲಿ ಹೆಂಡತಿಯ ಹೆರಿಗೆಗೆಂದು ಊರಿಗೆ ಹೋದವನು ತಿರುಗಿ ಬಂದಿರಲಿಲ್ಲ. ಖಾನುಂ ಒಬ್ಬರೇ ಅಬಾಯಾಗಳ ಅಂಚು ಹೊಲಿಯುತ್ತ, ಸಮೋವರಿನಲ್ಲಿ ಚಹಾ ಕುದಿಸುತ್ತ ಇದ್ದರು.

ಆ ಜೂನ್‌ನಲ್ಲೇ ತಟ್ಟೆಯ ರಗಳೆ ನಡೆದದ್ದು. ಖಾನುಂ ಎರಡೂ ಮನೆಯವರನ್ನು ಚಹಾಕ್ಕೆ ಕರೆದಿದ್ದರು. ಹಕ್ಕಿಗಳನ್ನು ಕೆತ್ತಿದ ಬೆಳ್ಳಿ ಬಣ್ಣದ ತಟ್ಟೆಯಲ್ಲಿ ಚಹಾ ಬಂತು. ಆಲಿವ್ ಟೀಚರ್ ಸುಮ್ಮನೆ ಕುಡಿಯಬಾರದೆ? "ಎಷ್ಟು ಚಂದದ ತಟ್ಟೆ!" ಎಂದುಬಿಟ್ಟರು.

"ಇದು ನಿಮ್ಮದೇ. ತೆಗೆದುಕೊಳ್ಳಿ," ಎಂದರು ಖಾನುಂ.

"ನಿಜವಾಗಿ?"

"ಇದರಲ್ಲೇನಿದೆ? ನಿಮಗಿಂತ ದೊಡ್ಡದೇ?"

ಶರಣ್ಯಾ ಎರಡೂ ಕಡೆಯ ಮಾತನ್ನು ಚಾಚೂ ತಪ್ಪದೆ ದಾಟಿಸಿದಳು. ಆಲಿವ್ ಟೀಚರ್ ಸಂತೋಷದಿಂದ ಖಾನುಂ ಕೆನ್ನೆಗೆ ಮುತ್ತಿಟ್ಟು, ತಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿಯೇಬಿಟ್ಟರು. ಹೆಜ್ಜೆ ಸದ್ದು ನಿಲ್ಲುವವರೆಗೂ ಖಾನುಂ ಬಾಗಿಲಲ್ಲಿ ನಗುತ್ತ ನಿಂತಿದ್ದರು. ಆಮೇಲೆ ವಾರಿಜಾಳ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕುಸಿದು, "ಅದು ನನ್ನ ಮದುವೆಯ ತಟ್ಟೆ ಬೇಟಿ," ಎಂದು ನಗುತ್ತಲೇ ಕಣ್ಣೊರೆಸಿಕೊಂಡರು.

"ಕೊಡ್ಲಿಕ್ಕೆ ಮನಸ್ಸಿಲ್ಲದಿದ್ರೆ ತಗೊಳ್ಳಿ ಅಂತ ಯಾಕೆ ಹೇಳುದು? ದಟ್ಸ್ ಲೈಯಿಂಗ್," ಎಂದಳು ಶರಣ್ಯಾ.

"ಸುಳ್ಳಲ್ಲ ಮಗಾ, ಮರ್ಯಾದಿ," ಎಂದರು ಅತ್ತೆ. "ನಿನ್ನ ಅಜ್ಜ ನನ್ನನ್ನು ನೋಡ್ಲಿಕ್ಕೆ ಬಂದಾಗ ಮೂರನೇ ಸಲ ಕೇಳಿದ ಮೇಲೆಯೇ ಬೆಲ್ಲ ನೀರು ಮುಟ್ಟಿದ್ದು."

"ಮೂರನೇ ಸಲ ಯಾರೂ ಕೇಳದಿದ್ರೆ?"

"ಬಾಯಾರಿಕೊಂಡೇ ಹೋಗ್ತಿದ್ರು. ಆದ್ರೆ ಆ ಮನೆಯಿಂದ ಹೆಣ್ಣು ತರ್ತಿರ್ಲಿಲ್ಲ."

ತಟ್ಟೆ ವಾಪಸು ತರುವುದು ಸುಲಭವಾಗಲಿಲ್ಲ. ವಿಷಯ ತಿಳಿದ ಆಲಿವ್ ಟೀಚರ್ ನಾಚಿಕೆಯಿಂದ ಕುಗ್ಗಿಹೋಗಿ ಕೂಡಲೇ ಹಿಡಿದುಕೊಂಡು ಬಂದರೆ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಮನೆತನ ನನ್ನದಲ್ಲ ಎಂದು ಖಾನುಂ ಬಾಗಿಲು ತೆರೆಯಲೊಲ್ಲರು. ಕೊನೆಗೆ ಅತ್ತೆಯೇ ದಾರಿ ಹುಡುಕಿದರು. ಪತ್ರೊಡೆ ಮಾಡಿ, ಆ ತಟ್ಟೆಯಲ್ಲೇ ಇಟ್ಟು, ಆಲಿವ್ ಟೀಚರ್ ಕೈಯಲ್ಲಿ ಖಾನುಂ ಮನೆಗೆ ಕಳಿಸಿದರು. ಪತ್ರೊಡೆ ತಿಂದಾಯಿತು, ತಟ್ಟೆ ಅಲ್ಲೇ ಉಳಿಯಿತು, ಯಾರೂ ಯಾರಿಗೂ ಏನನ್ನೂ ವಾಪಸು ಕೊಟ್ಟಂತಾಗಲಿಲ್ಲ. "ಮೂರು ಸಲ," ಎಂದು ಆಲಿವ್ ಟೀಚರ್ ಬೆರಳು ಮಡಚಿ ಎಣಿಸಿ ಪಾಠ ಕಲಿತುಕೊಂಡರು. ಆಗ ಎಲ್ಲರಿಗೂ ನಗು.

ಆಗಸ್ಟ್ ಎರಡಕ್ಕೆ ಇರಾಕಿನ ಟ್ಯಾಂಕುಗಳು ಬಂದವು. ನಗು ಅಲ್ಲಿಗೆ ಖಲಾಸ್.

ಸದಾನಂದನ ಕಫೀಲ್, ಅಂದರೆ ಅವನನ್ನು ಕೆಲಸಕ್ಕಿಟ್ಟ ಕುವೈತಿ ಧಣಿ, ಓಡಿಹೋಗುವ ಮೊದಲು ಒಂದು ಪುಣ್ಯದ ಕೆಲಸ ಮಾಡಿದ. ಸೈನಿಕರು ದೋಚುವ ಮೊದಲು ನೀವಾದರೂ ಒಯ್ಯಿರಿ ಎಂದು ಗೋದಾಮಿನ ಬೀಗದ ಕೈಯನ್ನು ಕೆಲಸದವರಿಗೆ ಕೊಟ್ಟ. ಸದಾನಂದ ಮೂರು ಚೀಲ ಅಕ್ಕಿ, ಒಂದು ಚೀಲ ಬೇಳೆ, ಎರಡು ಡಬ್ಬ ಎಣ್ಣೆ ತಂದು ಮಂಚದ ಕೆಳಗೆ ತಳ್ಳಿದ. ಆವತ್ತಿನಿಂದ ಅವನು ಬೇರೆಯೇ ಮನುಷ್ಯ. ಹಾಲಿನ ಹುಡಿಯ ಡಬ್ಬಿಯಲ್ಲಿ ಅಕ್ಕಿಯನ್ನು ತಾನೇ ಅಳೆದು ಕೊಡುತ್ತಿದ್ದ. ಬೆಳಿಗ್ಗೆ ಗಂಜಿ, ರಾತ್ರಿ ಅನ್ನ, ಮಧ್ಯಾಹ್ನ ಖುಬ್ಬೂಸ್ ರೊಟ್ಟಿ.

ಆ ಖುಬ್ಬೂಸ್ ಬರುತ್ತಿದ್ದದ್ದು ಖಾನುಂ ಕೈಯಿಂದ. ಬೀದಿಯ ಕೊನೆಯ ರೊಟ್ಟಿಯಂಗಡಿಯವನು ಇರಾನಿ. ಜನ ಬಿಸಿಲಲ್ಲಿ ಎರಡು ಮೂರು ತಾಸು ಸಾಲು ನಿಲ್ಲುತ್ತಿದ್ದರು. ಖಾನುಂ ಕಪ್ಪು ಚಾದರ ಹೊದ್ದು ಬೆಳಿಗ್ಗೆಯೇ ಹೋಗಿ ನಿಂತು, ಸಿಕ್ಕಿದ್ದರಲ್ಲಿ ನಾಲ್ಕನ್ನು ವಾರಿಜಾಳ ಬಾಗಿಲಿಗೆ ತರುತ್ತಿದ್ದರು.

"ಬೇಡ ಖಾನುಂ, ನಿಮಗೆ ಬೇಕಲ್ಲ."

"ನನ್ನಾಣೆ, ತಗೋ."

"ಬೇಡ."

"ನನ್ನ ಮಗನಾಣೆ. ತಗೊಳ್ಳದಿದ್ದರೆ ನಾನಿಲ್ಲೇ ಕೂರುತ್ತೇನೆ."

ಮೂರನೆಯ ಸಲಕ್ಕೆ ವಾರಿಜಾ ತೆಗೆದುಕೊಳ್ಳುತ್ತಿದ್ದಳು. ಒಂದು ದಿನವೂ ಖಾನುಂ ಎರಡಕ್ಕೇ ನಿಲ್ಲಿಸಿದ್ದಿಲ್ಲ.

ಆಗಸ್ಟ್ ನಡುವಿಗೆ ಇರಾಕಿ ಸೈನಿಕರು ಬ್ರಿಟಿಷರನ್ನು ಹುಡುಕಿ ಹಿಡಿಯತೊಡಗಿದರು. ಆಲಿವ್ ಟೀಚರ್ ಆಗಸ್ಟ್ ಆರಕ್ಕೆ ಊರಿಗೆ ಹೋಗಲು ಟಿಕೆಟ್ ಮಾಡಿಸಿದ್ದರು, ನಾಲ್ಕು ದಿನದ ಅಂತರದಲ್ಲಿ ಅದು ತಪ್ಪಿಹೋಗಿತ್ತು. ಒಂದು ಸಂಜೆ ಖಾನುಂ ಮೇಲೆ ಹೋಗಿ ಅವರ ಕೈಹಿಡಿದು ಕರೆತಂದು ತಮ್ಮ ಒಳಕೋಣೆಯಲ್ಲಿ ಕೂರಿಸಿದರು. ಮುದುಕಿ ಇರಾನಿ ಹೆಂಗಸಿನ ಮನೆಯನ್ನು ಯಾರು ಶೋಧಿಸುತ್ತಾರೆ? ಈ ಗುಟ್ಟು ಎದುರು ಮನೆಯವರಿಗೆ ಬಿಟ್ಟರೆ ಯಾರಿಗೂ ತಿಳಿಯದು. ಶರಣ್ಯಾ ಮಾತ್ರ ಎಂದಾದರೊಮ್ಮೆ ಹೋಗಿ ತನ್ನ ಟೀಚರ್ ಜೊತೆ ಕೂತು ಬರುತ್ತಿದ್ದಳು.

"ಈಗ ಅಲ್ಲಿ ಎರಡು ಹೊಟ್ಟೆ," ಎಂದರು ಅತ್ತೆ ಒಂದು ದಿನ ಗಂಜಿ ಬಡಿಸುತ್ತ. "ನಾವು ಅವರ ರೊಟ್ಟಿ ತಿನ್ನುದು. ಎರಡು ಸೇರು ಅಕ್ಕಿಯಾದ್ರೂ ಕೊಡ್ಬೇಕು."

"ಅಮ್ಮ, ನೀವು ಸುಮ್ನೆ ಇರಿ," ಎಂದ ಸದಾನಂದ. "ನಾವು ಹೊರಡುದು ಯಾವಾಗ ಅಂತ ದೇವರಿಗೇ ಗೊತ್ತು. ಜೋರ್ಡಾನ್ ಗಡಿಯಲ್ಲಿ ಜನ ಮರಳಲ್ಲಿ ಬಿದ್ದುಕೊಂಡಿದ್ದಾರಂತೆ. ದಾರಿಗೆ ಬೇಡ್ವಾ?"

"ಸದಾ, ಆ ಅಕ್ಕಿ ನಿನ್ನ ಕಫೀಲನದ್ದು. ನಿನ್ನ ಅಪ್ಪನದ್ದಲ್ಲ."

"ಕೊಡಿ, ಎಲ್ಲ ಕೊಟ್ಟುಬಿಡಿ! ಆಮೇಲೆ ಈ ಹುಡುಗಿಗೆ ಮರಳು ಬೇಯಿಸಿ ಹಾಕಿ."

ಶರಣ್ಯಾ ತಟ್ಟೆ ಬಿಟ್ಟು ಎದ್ದುಹೋದಳು. ಸದಾನಂದನೂ ಕೈತೊಳೆದ. ಅತ್ತೆ ವಾರಿಜಾಳ ಕಡೆ ತಿರುಗಿ, "ನೀನು ಕೊಟ್ಟು ಬಾ. ಅವ ನೋಡುದು ಬೇಡ," ಎಂದರು.

ವಾರಿಜಾ ಸ್ಟೀಲಿನ ಪಾತ್ರೆಯಲ್ಲಿ ಅಕ್ಕಿ ತುಂಬಿಕೊಂಡು, ಸೆರಗು ಮುಚ್ಚಿ, ನಾಲ್ಕು ಹೆಜ್ಜೆ ದಾಟಿ ಖಾನುಂ ಬಾಗಿಲು ತಟ್ಟಿದಳು. ತುಂಬುವಾಗಲೇ ಅವಳ ಕೈ ಬಿಗಿಹಿಡಿದಿತ್ತು ಎಂಬುದನ್ನೂ ಹೇಳಿಬಿಡಬೇಕು. ಅತ್ತೆ ಎರಡು ಸೇರು ಎಂದಿದ್ದರು, ಪಾತ್ರೆಯಲ್ಲಿ ಒಂದೇ ಇತ್ತು.

"ಖಾನುಂ, ಸ್ವಲ್ಪ ಅಕ್ಕಿ."

"ಅಯ್ಯೋ ಬೇಡ ಬೇಟಿ! ನಮ್ಮಲ್ಲಿ ಬೇಕಾದಷ್ಟಿದೆ. ಖುದಾ ಕಸಂ, ಎಲ್ಲ ಇದೆ."

ಖಾನುಂ ಎರಡೂ ಕೈ ಎದೆಗೆ ಒತ್ತಿ ನಿಂತಿದ್ದರು. ಈಗ ವಾರಿಜಾ ಇನ್ನೊಮ್ಮೆ ಕೇಳಬೇಕು. ಪಾತ್ರೆಯನ್ನು ನೆಲದ ಮೇಲಿಟ್ಟು ತಿರುಗಿ ನೋಡದೆ ಬಂದರೂ ನಡೆಯುತ್ತಿತ್ತು, ಮೂಲ್ಕಿಯಲ್ಲಾದರೆ ಹಾಗೆಯೇ ಮಾಡುತ್ತಿದ್ದಳು. ಆ ಬೇಡ ಬರೀ ಬಾಯಿಯದು ಎಂದು ಅವಳಿಗೆ ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು, "ಹೌದಾ? ಸರಿ ಹಾಗಾದರೆ," ಎಂದಳು. ಹೇಳಿ, ಪಾತ್ರೆಯ ಸಮೇತ ತಿರುಗಿದಳು.

ಖಾನುಂ ಬಾಗಿಲನ್ನು ಕೂಡಲೇ ಮುಚ್ಚಲಿಲ್ಲ. ಅದು ವಾರಿಜಾಳ ಬೆನ್ನಿಗೆ ತಿಳಿಯಿತು.

"ಬೇಡ ಅಂದ್ರಾ? ಎಷ್ಟು ಸಲ ಕೇಳಿದಿ?" ಎಂದರು ಅತ್ತೆ.

"ಮೂರು ಸಲ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅಕ್ಕಿಯನ್ನು ವಾಪಸು ಚೀಲಕ್ಕೆ ಸುರಿಯುವಾಗ ಅವಳಿಗೆ ಹೊಟ್ಟೆ ತಣ್ಣಗಾದಂತಾಯಿತು. ಆ ಸಮಾಧಾನ ನೆನೆದೇ ಅವಳಿಗೆ ಆಮೇಲೆ ನಾಚಿಕೆ ಹುಟ್ಟಿದ್ದು.

"ನೋಡಿದ್ರಾ ಅಜ್ಜಿ? ಬೇಡ ಅಂದ್ರೆ ಬೇಡ," ಎಂದಳು ಶರಣ್ಯಾ. ಸದಾನಂದನ ಕಿವಿಗೂ ಅದು ಬಿತ್ತು, ಆ ರಾತ್ರಿ ಅವನು ಒಂದು ತುತ್ತು ಜಾಸ್ತಿ ಉಂಡ.

ಮರುದಿನ ಖಾನುಂ ಎಂದಿನಂತೆ ನಾಲ್ಕು ರೊಟ್ಟಿ ತಂದರು. ಎಂದಿನಂತೆ ಆಣೆ ಹಾಕಿದರು. ವಾರಿಜಾ ಅವರ ಮುಖ ನೋಡದೆ ತೆಗೆದುಕೊಂಡಳು. ವಾರ ಕಳೆಯಿತು. ಅತ್ತೆ ಮತ್ತೆ ಕಳಿಸಿದರು. "ಇವತ್ತು ಒಳಗೆ ಹೋಗಿ ಇಟ್ಟೇ ಬಾ. ಅವರದ್ದು ಬರೀ ಉಪಚಾರ." ಈ ಸಲ ವಾರಿಜಾ ಬಾಗಿಲು ತಟ್ಟಲೇ ಇಲ್ಲ. ಹೋದ ಸಲದ್ದು ಮನಸ್ಸಿನಲ್ಲಿಟ್ಟುಕೊಂಡ ಖಾನುಂ ಎದುರು ಹೇಗೆ ನಿಲ್ಲುವುದು ಎಂಬುದು ಒಂದು. ತೆಗೆದುಕೊಂಡೇಬಿಟ್ಟರೆ ಎಂಬುದು ಇನ್ನೊಂದು. ಎರಡು ಬಾಗಿಲುಗಳ ನಡುವೆ ಸ್ವಲ್ಪ ಹೊತ್ತು ನಿಂತು, ಒಳಗಿನಿಂದ ಸಣ್ಣಗೆ ಕೆಮ್ಮು ಕೇಳಿದೊಡನೆ ಹಿಂದಕ್ಕೆ ಬಂದಳು.

"ಬೇಡವೇ ಬೇಡ ಅಂತಾರೆ ಅತ್ತೆ. ನಾನೆಂತ ಮಾಡ್ಲಿ?"

"ವಿಚಿತ್ರ ಹೆಂಗಸು ಮಾರಾಯ್ತಿ," ಎಂದು ಅತ್ತೆ ಖಾನುಂಗೇ ಬೈದರು. ವಾರಿಜಾ ಪಾತ್ರೆ ತೊಳೆಯಲು ನಲ್ಲಿ ಜೋರಾಗಿ ಬಿಟ್ಟಳು.

ಆಗಸ್ಟ್ ಮುಗಿಯುವಾಗ ಪರದೇಶದ ಹೆಂಗಸರನ್ನು, ಮಕ್ಕಳನ್ನು ಬಿಡುತ್ತಾರಂತೆ ಎಂದು ರೇಡಿಯೋ ಹೇಳಿತು. ನಂಬುವುದು ಹೇಗೆಂದು ಆಲಿವ್ ಟೀಚರ್ ಹೊರಗೆ ಕಾಲಿಡಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಸದಾನಂದನಿಗೆ ಬಾಗ್ದಾದ್ ಕಡೆಯ ಬಸ್ಸಿನಲ್ಲಿ ನಾಲ್ಕು ಸೀಟು ಸಿಕ್ಕಿತು. ನಾಳೆ ಬೆಳಿಗ್ಗೆಯೇ ಹೊರಡಬೇಕು. ಮನೆ ತುಂಬ ಕಟ್ಟಿದ ಗಂಟುಗಳು. ಮಂಚದ ಕೆಳಗೆ ಇನ್ನೂ ಒಂದೂಮುಕ್ಕಾಲು ಚೀಲ ಅಕ್ಕಿ ಉಳಿದಿತ್ತು.

ಟೀಚರಿಗೆ ಹೇಳಿಬರಲು ಹೋದ ಶರಣ್ಯಾ ಊಟದ ಹೊತ್ತಿಗೆ ಬಂದವಳು ತಟ್ಟೆಯ ಮುಂದೆ ಕೂತು ಅಳತೊಡಗಿದಳು.

"ಎಂತಾಯ್ತು?"

"ಅವರು ಅನ್ನ ತಿನ್ನದೆ ಹದಿನೈದು ದಿನ ಆಯ್ತಂತೆ. ಬರೀ ರೊಟ್ಟಿ, ಚಹಾ. ಖಾನುಂ ರೊಟ್ಟಿಯನ್ನು ಕತ್ತರಿಯಲ್ಲಿ ಕತ್ತರಿಸಿ ಪಾಲು ಮಾಡ್ತಾರೆ. ಮಿಸ್ ಈಸ್ ಸೋ ಥಿನ್, ಅಮ್ಮ."

"ಬೇಕಾದಷ್ಟುಂಟು ಅಂದ್ರಂತಲ್ಲ?" ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ನಮಗೆ ನಾಲ್ಕು ಕೊಟ್ಟು ಅವರು ಕತ್ತರಿಸಿ ತಿನ್ನುದಾ? ಏಳಿ, ಎಲ್ಲರೂ ಏಳಿ. ನಾನೇ ಕೇಳ್ತೇನೆ ಆ ಹೆಂಗಸಿನ ಹತ್ರ."

ಸದಾನಂದ ತಾನೇ ಬಗ್ಗಿ ಒಂದು ಇಡೀ ಚೀಲವನ್ನು ಹೊರಗೆಳೆದ. "ದಾರಿಗೆ ಉಳಿದದ್ದು ಸಾಕು," ಎಂದು ಗೋಡೆಯ ಕಡೆ ನೋಡುತ್ತ ಹೇಳಿದ. ಚೀಲವನ್ನು ಖಾನುಂ ಹೊಸ್ತಿಲ ತನಕ ತಂದಿಟ್ಟು, ಹೆಂಗಸರ ಮನೆಯೆಂದು ಹಿಂದೆ ಸರಿದ.

ಒಳಗೆ ಆಲಿವ್ ಟೀಚರ್ ಖಾನುಂದೇ ಒಂದು ಕಪ್ಪು ಚಾದರದಲ್ಲಿ ಚಾಪೆಯ ಮೇಲೆ ಕೂತಿದ್ದರು. ಕೆನ್ನೆಯ ಎಲುಬು ಎದ್ದು ಕಾಣುತ್ತಿತ್ತು. ಖಾನುಂ ಎಲ್ಲರನ್ನೂ ದಿಂಬಿಗೆ ಒರಗಿಸಿ ಕೂರಿಸಿ, ಸಕ್ಕರೆಯಿಲ್ಲದ ಚಹಾ ಕೊಟ್ಟು, ಸಕ್ಕರೆ ಇಲ್ಲದ್ದಕ್ಕೆ ನಾಲ್ಕು ಸಲ ಕ್ಷಮೆ ಕೇಳಿದರು.

ಅತ್ತೆಗೆ ಹಿಂದಿ ಬಾರದು. "ಹೇಳು ವಾರಿಜಾ. ನನ್ನ ಸೊಸೆ ಮೂರು ಮೂರು ಸಲ ಕೇಳಿದ್ರೂ ಅಕ್ಕಿ ಯಾಕೆ ವಾಪಸು ಕಳಿಸಿದ್ದು? ನಾವೇನು ಹೊರಗಿನವರಾ? ಕೇಳು."

ವಾರಿಜಾ ಚಹಾದ ಲೋಟವನ್ನೇ ತಿರುಗಿಸುತ್ತ ಕೂತಳು. ಅತ್ತೆ ಮೊಣಕೈಯಿಂದ ತಿವಿದರು. ತನ್ನ ಸುಳ್ಳನ್ನು ತಾನೇ ಹಿಂದಿಗೆ ತಿರುಗಿಸಿ, ಯಾರೆದುರು ಆ ಸುಳ್ಳಿಗೆ ಬೆಲೆಯೇ ಇಲ್ಲವೋ ಅವರೆದುರೇ ಹೇಳಬೇಕಾಗಿ ಬಂತು. "ಅತ್ತೆ ಕೇಳುತ್ತಾರೆ... ನಾನು ಮೂರು ಸಲ ಕೇಳಿದರೂ ನೀವು ಯಾಕೆ ಬೇಡ ಅಂದಿರಿ ಅಂತ."

ಖಾನುಂ ಅವಳನ್ನು ಒಂದು ಗಳಿಗೆ ನೋಡಿದರು. ಎಲ್ಲ ತಿಳಿಯಿತು ಅವರಿಗೆ. ಕೂಡಲೇ ನಕ್ಕು, ಅತ್ತೆಯ ಕೈ ಹಿಡಿದುಕೊಂಡರು.

"ಮೂರೇ? ಹತ್ತು ಸಲ ಕೇಳಿದಳು ಎಂದು ಹೇಳು. ಚಿನ್ನದಂಥ ಸೊಸೆ. ಹಟಮಾರಿ ನಾನು, ತಪ್ಪು ನನ್ನದು."

ವಾರಿಜಾಳ ಮುಖಕ್ಕೆ ಯಾರೋ ಬಿಸಿನೀರು ಎರಚಿದಂತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಹಸಿದ ಹೆಂಗಸು ವಾರಿಜಾಳ ಮಾನ ಕಾಯಲು ಸುಳ್ಳು ಹೇಳಿದ್ದನ್ನು ಅವಳಿಗೆ ತಡೆಯಲಾಗಲಿಲ್ಲ.

"ಇಲ್ಲ ಖಾನುಂ. ನಾನು ಒಂದೇ ಸಲ ಕೇಳಿದ್ದು," ಎಂದಳು ಹಿಂದಿಯಲ್ಲಿ. ಅತ್ತೆಯ ಕಡೆ ತಿರುಗಿ ತುಳುವಿನಲ್ಲೂ ಹೇಳಿದಳು. "ಒಂದೇ ಸಲ ಅತ್ತೆ. ನಿಮ್ಮ ಹತ್ರ ಸುಳ್ಳು ಹೇಳಿದೆ."

"ನೋಡಿ, ನೋಡಿ!" ಖಾನುಂ ವಾರಿಜಾಳ ತಲೆ ಸವರಿ ಬೆರಳುಗಳನ್ನು ತಮ್ಮ ತುಟಿಗೆ ಮುಟ್ಟಿಸಿಕೊಂಡರು. "ಎಂಥ ಸಂಸ್ಕಾರ! ನನ್ನ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾಳೆ."

ಅತ್ತೆ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು. ಖಾನುಂ ಕೈಯ ಭಾಷೆ ಅವರಿಗೆ ಅರ್ಥವಾಗಿತ್ತು, ಅದನ್ನೇ ನಂಬುವ ಆಸೆಯೂ ಇತ್ತು. ಮೂಲೆಯಲ್ಲಿದ್ದ ಆಲಿವ್ ಟೀಚರ್, ಏನು ಮಾತು ನಡೆಯುತ್ತಿದೆ ಎಂದು ಶರಣ್ಯಾಳನ್ನು ಕೇಳಿದರು. ಅವಳು ಪಿಸುದನಿಯಲ್ಲಿ ಹೇಳಿದಳು. ಟೀಚರ್ ಚಹಾದ ಲೋಟ ಕೆಳಗಿಟ್ಟು ಇಂಗ್ಲಿಷಿನಲ್ಲಿ ಏನೋ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಎಂತ ಹೇಳಿದ್ದು ಅವರು?" ಎಂದರು ಅತ್ತೆ.

ಶರಣ್ಯಾ ತಾಯಿಯ ಮುಖ ನೋಡಿದಳು. ಇದ್ದದ್ದನ್ನು ಇದ್ದಹಾಗೆ ಹೇಳಬೇಕು ಎಂದು ವರ್ಷವಿಡೀ ವಾದಿಸಿದ ಹುಡುಗಿ ತಲೆ ತಗ್ಗಿಸಿದಳು. "ಥ್ಯಾಂಕ್ಸ್ ಹೇಳಿದ್ದು ಅಜ್ಜಿ."

"ಅಲ್ಲ," ಎಂದಳು ವಾರಿಜಾ. "ಅಷ್ಟು ಇಂಗ್ಲಿಷ್ ನನಗೂ ಬರ್ತದೆ. ಅವರು ಆ ದಿನ ಈ ಬಾಗಿಲ ಹಿಂದೆಯೇ ಇದ್ರಂತೆ. ಬೆರಳು ಎಣಿಸಿದ್ರಂತೆ. ಎರಡನೇ ಸಲ ಕೇಳ್ತಾಳೆ ಅಂತ ಕಾದ್ರಂತೆ, ನಾನು ಕೇಳ್ಲಿಲ್ಲ. ಪಾಪ, ನಮ್ಮ ಮನೆಯಲ್ಲೂ ಅಕ್ಕಿ ಇಲ್ಲದಿರಬಹುದು ಅಂತ ತಿಳ್ಕೊಂಡ್ರಂತೆ."

ಹೊಸ್ತಿಲಲ್ಲಿ ಆ ತುಂಬಿದ ಚೀಲ ಎಲ್ಲರಿಗೂ ಕಾಣುವಂತೆ ಕೂತಿತ್ತು.

"ಎರಡನೇ ವಾರ ಕಳಿಸಿದ್ದೆನಲ್ಲ, ಆವಾಗ?" ಎಂದರು ಅತ್ತೆ ಮೆಲ್ಲಗೆ.

"ಬಾಗಿಲೇ ತಟ್ಟಲಿಲ್ಲ."

ಅತ್ತೆ ಬೈಯಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದು, ಚೀಲವನ್ನು ಎಳೆದು ತಂದು ಖಾನುಂ ಮುಂದೆ ನಿಲ್ಲಿಸಿ, ಎರಡೂ ಕೈಯಲ್ಲಿ ತೋರಿಸಿದರು. ಖಾನುಂ ತಲೆಯಾಡಿಸಿದರು. ಅತ್ತೆ ಮತ್ತೆ ತೋರಿಸಿದರು. ಖಾನುಂ ಮತ್ತೆ ಎದೆಗೆ ಕೈಯೊತ್ತಿದರು.

"ಮೂರನೇದು ನೀನು ಕೇಳು," ಎಂದರು ಅತ್ತೆ ಸೊಸೆಗೆ.

"ತಗೊಳ್ಳಿ ಖಾನುಂ." ವಾರಿಜಾ ಚೀಲವನ್ನು ಅವರ ಮಡಿಲಿನತ್ತ ತಳ್ಳಿದಳು. ಖಾನುಂ ಚೀಲದ ಮೇಲೆ ಕೈಯಿಟ್ಟು, ಇದೆಲ್ಲ ಯಾಕೆ, ನಮ್ಮಲ್ಲಿ ಎಲ್ಲ ಇದೆ, ನೀವು ಸುಮ್ಮನೆ ತೊಂದರೆ ತೆಗೆದುಕೊಂಡಿರಿ ಎಂದು ಹೇಳುತ್ತಲೇ ಇದ್ದರು. ಅಷ್ಟರಲ್ಲಿ ಆಲಿವ್ ಟೀಚರ್ ಎದ್ದು ಒಲೆ ಹಚ್ಚಿ ನೀರಿಟ್ಟಾಗಿತ್ತು.

ಅನ್ನ ಬೇಯುವ ತನಕ ಹೊರಡಲು ಖಾನುಂ ಬಿಡಲಿಲ್ಲ. ಊಟದ ಬಟ್ಟೆ ದಸ್ತರ್‌ಖಾನ್ ಹಾಸಿದರು. ಮನೆಯಲ್ಲಿದ್ದ ಕೊನೆಯ ಚಮಚ ತುಪ್ಪವನ್ನು ಹಾಕಿ, ಹೊಗೆಯಾಡುವ ಮೊದಲ ತಟ್ಟೆಯನ್ನು ವಾರಿಜಾಳ ಮುಂದೆ ಇಟ್ಟರು.

"ಬೇಡ ಖಾನುಂ," ಎಂದಳು ಅವಳು. ಹುಟ್ಟಿದ ಮೇಲೆ ಅಷ್ಟು ನಿಜವಾದ ಬೇಡವನ್ನು ಅವಳು ಹೇಳಿದ್ದಿಲ್ಲ.

"ತಗೋ ಬೇಟಿ."

"ದಮ್ಮಯ್ಯ, ಬೇಡ."

ಆಲಿವ್ ಟೀಚರಾದರೂ ಅದನ್ನು ನಂಬಬಹುದೆಂದು ಅವಳು ಆ ಕಡೆ ನೋಡಿದಳು. ಆದರೆ ಅವರು ಈ ಮನೆಯ ರೀತಿ ಕಲಿತಾಗಿತ್ತು. "ಪ್ಲೀಸ್," ಎಂದು ತಾವೇ ಮೂರನೆಯ ಸಲ ಹೇಳಿ ತಟ್ಟೆಯನ್ನು ಇನ್ನಷ್ಟು ಮುಂದೆ ತಳ್ಳಿದರು. ಬಂದವರು ಉಣ್ಣದೆ ಮನೆಯವರು ಅನ್ನ ಮುಟ್ಟುವಂತಿರಲಿಲ್ಲ. ಇಬ್ಬರು ಹಸಿದ ಹೆಂಗಸರು ಕೈ ಮಡಿಲಲ್ಲಿಟ್ಟುಕೊಂಡು ಅವಳ ಕೈಯನ್ನೇ ನೋಡುತ್ತಿದ್ದರು. ವಾರಿಜಾ ತುತ್ತು ಕಟ್ಟಿ ಬಾಯಿಗಿಟ್ಟಳು.